ಕುರಿ ರೊಪ್ಪದ ದೀಪ ಮನಸ್ಸು ಮಾಡಿದ ಸಂಜೆ

ನಾನು ಎಲ್ಲಿ ನಿಂತಿದ್ದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಚಿತ್ರದುರ್ಗದಿಂದ ಜೋಗಿಮಟ್ಟಿಗೆ ಹೋಗುವ ರಸ್ತೆಯಲ್ಲಿ, ಊರಿನ ಮನೆಗಳು ಮುಗಿದು ಜಾಲಿಗಿಡಗಳು ಶುರುವಾಗುವ ಕಡೆ, ಒಂದು ಬೇವಿನ ಮರವಿತ್ತು. ಅದರ ಬುಡದಲ್ಲಿ ನಿಂತಿದ್ದೆ. ನನ್ನ ಎಡಕ್ಕೆ ಕೆಂಚಜ್ಜಿಯ ಅಡುಗೆಮನೆಯ ಹಿಂಬಾಗಿಲು. ಬಲಕ್ಕೆ ರೊಪ್ಪ, ಅಂದರೆ ಕುರಿಗಳನ್ನು ರಾತ್ರಿ ಕೂಡುವ ಮುಳ್ಳುಬೇಲಿಯ ಆವರಣ. ಎರಡರ ನಡುವೆ ಒಂದು ಕಂಬ, ಕಂಬದ ಮೇಲೆ ಒಂದು ಬಲ್ಬು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಶಿವರಾತ್ರಿ ಕಳೆದಿತ್ತು. ಸೂರ್ಯ ಕೋಟೆ ಬೆಟ್ಟದ ಹಿಂದೆ ಇಳಿದಿದ್ದ, ಆದರೆ ಅಂಗೈಯ ಗೆರೆಗಳು ಇನ್ನೂ ಕಾಣುತ್ತಿದ್ದವು.

ಇಷ್ಟು ಕರಾರುವಾಕ್ಕಾಗಿ ಹೇಳುವುದು ನನ್ನ ಕಸುಬಿನ ದೋಷ. ನಾನು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವನು. ಯಾರು ಕಂಡರು, ಎಲ್ಲಿಂದ ಕಂಡರು ಎಂದು ಕೇಳದೆ ಯಾವುದನ್ನೂ ನಂಬಬಾರದೆಂದು ಮಕ್ಕಳಿಗೆ ಹೇಳುತ್ತಿದ್ದೆ. ಈಗ ನನ್ನ ಸರದಿ. ಆ ಸಂಜೆ ಅಲ್ಲಿ ನಾನು ಕಂಡದ್ದು ಇಷ್ಟು: ಆ ಬಲ್ಬು ಒಂದು ಸಲ ಹೊತ್ತಿಕೊಂಡಿತು. ನಗಬೇಡಿ. ಒಂದೇ ಸಲ ಹೊತ್ತಿಕೊಂಡಿತು ಎಂಬುದರಲ್ಲೇ ಎಲ್ಲ ಇದೆ.

ಆ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ನಾನು, ನನ್ನ ಗೆಳೆಯ ಗುರುಸಿದ್ದಪ್ಪ ಬಾಡಿಗೆಗೆ ಇದ್ದೆವು. ಅವನು ಹೊಳಲ್ಕೆರೆ ಕಡೆಯವನು, ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ. ಹಿಂದಿನ ಭಾಗದಲ್ಲಿ ಮನೆಯ ಒಡತಿ ಕೆಂಚಜ್ಜಿ, ಅವರ ಮಗ ಬೀರಪ್ಪ, ಸೊಸೆ ಮಾಳಮ್ಮ. ಬೀರಪ್ಪ ಬೆಳಿಗ್ಗೆ ಕುರಿ ಹೊಡೆದುಕೊಂಡು ಜೋಗಿಮಟ್ಟಿಯ ತಪ್ಪಲಿಗೆ ಹೋದರೆ ಬರುತ್ತಿದ್ದುದು ಹೊತ್ತಿಳಿದ ಮೇಲೆ. ಅಜ್ಜಿ ಹಗಲೆಲ್ಲ ಜಗಲಿಯಲ್ಲಿ ಕೂತು ಕಂಬಳಿಗೆ ಉಣ್ಣೆ ನೂಲುತ್ತಿದ್ದರು.

ಅಜ್ಜಿಗೆ ಒಂದು ಹರಕೆಯಿತ್ತು. ಹಿಂದೊಮ್ಮೆ ಕುರಿಗಳಿಗೆ ರೋಗ ಬಂದು ರೊಪ್ಪ ಖಾಲಿಯಾಗುತ್ತ ಬಂದಾಗ ಹೊತ್ತದ್ದಂತೆ. ದಿನಕ್ಕೆ ಒಂದೇ ಊಟ. ಅದನ್ನೂ ಕುರಿಗಳೆಲ್ಲ ರೊಪ್ಪ ಸೇರಿದ ಮೇಲೆ, ರೊಪ್ಪದ ದೀಪ ಹತ್ತುವುದಕ್ಕೆ ಮುಂಚೆ ಉಣ್ಣಬೇಕು. ಒಂದು ಮರಿ ಹೊರಗಿದ್ದರೂ ಗಂಗಾಳದ ಮುಂದೆ ಕೂರುವಂತಿಲ್ಲ. ದೀಪ ಹತ್ತಿದ ಮೇಲೆ ತುತ್ತು ಎತ್ತುವಂತಿಲ್ಲ. ಹಗಲಿನಲ್ಲಿ ಮಜ್ಜಿಗೆ ಬಿಟ್ಟರೆ ಏನೂ ಇಲ್ಲ. ಕುರಿಯ ಗಂಟೆಯ ಸದ್ದಿಗೂ ದೀಪದ ಬೆಳಕಿಗೂ ನಡುವೆ ಇರುವ ಆ ಇಷ್ಟಗಲದ ಹೊತ್ತಿನಲ್ಲಿ ಅವರ ಒಂದು ಇಡೀ ದಿನದ ಅನ್ನ ಇರುತ್ತಿತ್ತು. ನಾವು ಆ ಮನೆಗೆ ಬಂದಾಗಿನಿಂದ ಅದಕ್ಕೆ ಎಂದೂ ಚ್ಯುತಿ ಬಂದಿರಲಿಲ್ಲ. ಕುರಿ ಬರುತ್ತಿದ್ದವು, ಅಜ್ಜಿ ಉಣ್ಣುತ್ತಿದ್ದರು, ಮಾಳಮ್ಮ ಲಾಂದ್ರ ಹಚ್ಚಿ ಕಂಬಕ್ಕೆ ತೂಗುಹಾಕುತ್ತಿದ್ದಳು.

ಮಾಳಮ್ಮ ತವರಿಗೆ ಹೋಗಿದ್ದ ಒಂದು ಸಂಜೆ ಲಾಂದ್ರ ಹಚ್ಚುವುದು ತಡವಾಯಿತು. ಬೆಟ್ಟದಿಂದ ಇಳಿದ ಚಿರತೆ ಬೇಲಿ ಹಾರಿ ಒಂದು ಮರಿಯನ್ನು ಎತ್ತಿಕೊಂಡು ಹೋಯಿತು. ಮರುದಿನ ಗುರುಸಿದ್ದಪ್ಪ ಜಗಲಿಗೆ ಹೋಗಿ, "ಯಾರ ಕೈಗೂ ಕಾಯದ ದೀಪ ಮಾಡಿ ಕೊಡ್ತೀನಿ ಅಜ್ಜಿ. ಕತ್ತಲಾದ ಕೂಡ್ಲೆ ತಾನೇ ಹತ್ತುತ್ತೆ" ಎಂದ.

"ಯಾರೂ ಹಚ್ಚದಂಗೆ ಹತ್ತೋ ದೀಪಾನ? ಅಂಗಾದ್ರೆ ಅದು ದೇವ್ರ ದೀಪ ಆತಲ್ಲಪ್ಪ."

"ದೇವರದಲ್ಲ ಅಜ್ಜಿ, ಕರೆಂಟಿಂದು."

"ಕರೆಂಟಿಗೆ ಹೊತ್ತು ಮುಳುಗಿದ್ದು ಹೆಂಗ್ ಗೊತ್ತಾಗ್ತೈತೆ?"

"ಅದಕ್ಕೊಂದು ಕಣ್ಣು ಇಡ್ತೀನಿ."

"ಎರಡು ಇಡಪ್ಪ," ಎಂದರು ಅಜ್ಜಿ. "ಒಂದರಾಗೆ ನನಗೇ ಸರ್ಯಾಗಿ ಕಾಣಲ್ಲ."

ಕಣ್ಣು ಎಂದರೆ ಅಂಗಿಯ ಗುಂಡಿಯಷ್ಟು ಗಾತ್ರದ ಒಂದು ಚೂರು. ಬೆಳಕು ಬಿದ್ದರೆ ವಿದ್ಯುತ್ತಿಗೆ ದಾರಿ ಬಿಡುತ್ತದೆ, ಕತ್ತಲಾದರೆ ತಡೆಯುತ್ತದೆ. ಅದು ಹೇಳಿದ್ದನ್ನು ತೂಗಿ ನೋಡುವುದಕ್ಕೆ ಕಂಪ್ಯಾರೇಟರ್. ಬೆಂಗಳೂರಿನಿಂದ ತರಿಸಿದ, ಎಂಟು ಕಾಲಿನ ಕರಿ ಹುಳದಂಥ ಒಂದು ಐ.ಸಿ. ಅದು ತೂಗಿ ಕೊಟ್ಟ ತೀರ್ಪಿನಂತೆ ದೀಪದ ಸ್ವಿಚ್ಚನ್ನು ಎಳೆಯುವುದು ಬಿಡುವುದು ರಿಲೇಯ ಕೆಲಸ. ಇಷ್ಟನ್ನೂ ಅವನು ಒಂದು ಸೋಪಿನ ಡಬ್ಬಿಯಲ್ಲಿ ಕೂರಿಸಿ ಅಡುಗೆಮನೆಯ ಗೋಡೆಯ ಮೇಲುಗಡೆ, ಸೂರಿನ ಕೆಳಗೆ ಹೊಡೆದ. ಕಣ್ಣನ್ನು ಮಾತ್ರ ಸೂರಿನಿಂದ ಆಚೆ ತಂದು ಆಕಾಶಕ್ಕೆ ತಿರುಗಿಸಿದ. ತೂಗುವುದು ಎಂದೆನಲ್ಲ, ಅದನ್ನು ನನಗೆ ತಕ್ಕಡಿಯಲ್ಲೇ ವಿವರಿಸಿದ. ಒಂದು ತಟ್ಟೆಯಲ್ಲಿ ಆಕಾಶದ ಬೆಳಕು, ಇನ್ನೊಂದರಲ್ಲಿ ನಾವು ಇಟ್ಟ ಕಲ್ಲು. ಬೆಳಕು ಭಾರವಾಗಿರುವವರೆಗೆ ದೀಪ ಆರಿರುತ್ತದೆ. ಕಲ್ಲು ಭಾರವಾದ ಕ್ಷಣ ಹತ್ತುತ್ತದೆ. ಅಂಗಡಿಯ ತಕ್ಕಡಿಯಂತೆ ಇದರ ಮುಳ್ಳು ನಡುವೆ ನಿಲ್ಲುವುದಿಲ್ಲ. ಕೂದಲೆಳೆಯಷ್ಟು ಹೆಚ್ಚಾದರೂ ಆ ಕಡೆಗೆ ಪೂರ್ತಿ ಬೀಳುತ್ತದೆ.

ಮೊದಲ ಸಂಜೆ ಎಲ್ಲ ನೆಟ್ಟಗಾಯಿತು. ಕುರಿ ಬಂದವು, ಅಜ್ಜಿ ಉಂಡರು, ದೀಪ ಒಂದೆರಡು ಸಲ ಮಿಟುಕಿಸಿ ಹತ್ತಿತು. ಮಿಟುಕಿಸಿದ್ದು ಹೊಸಬರ ನಾಚಿಕೆ ಎಂದುಕೊಂಡೆವು. ಅಜ್ಜಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮಾರನೆಯ ದಿನ ಕಂಬಕ್ಕೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಕೈ ಮುಗಿದರು. ಅಷ್ಟಕ್ಕೇ ಬಿಡಲಿಲ್ಲ. ಇಷ್ಟು ಒಳ್ಳೆಯ ದೀಪದ ಎದುರು ಹೊಗೆ ಹಿಡಿದ ಗೋಡೆ ಇರಬಾರದೆಂದು ಮಾಳಮ್ಮನ ಕೈಯಲ್ಲಿ ಅಡುಗೆಮನೆಯ ಹಿಂಗೋಡೆಗೆ ಎರಡು ಬಳಿ ಸುಣ್ಣ ಹೊಡೆಸಿದರು. ಗೋಡೆ ಹಾಲಿನಂತಾಯಿತು.

ದೀಪಕ್ಕೆ ಹುಚ್ಚು ಹಿಡಿದದ್ದು ಆ ಸಂಜೆಯಿಂದ.

ಬೀರಪ್ಪ ಕುರಿಗಳನ್ನು ರೊಪ್ಪದ ಬಾಗಿಲಿಗೆ ತರುವ ಹೊತ್ತಿಗೆ ದೀಪ ಹತ್ತಿತು, ಆರಿತು, ಹತ್ತಿತು, ಆರಿತು. ಸೋಪಿನ ಡಬ್ಬಿಯೊಳಗಿನ ರಿಲೇ ಟಕ ಟಕ ಎಂದು ಹಲ್ಲಿಯಂತೆ ಲೊಚಗುಟ್ಟುತ್ತಿತ್ತು. ಮುಂದಿನ ಟಗರು ನಿಂತುಬಿಟ್ಟಿತು. ಕುರಿಗಳ ಸ್ವಭಾವ ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಮೊದಲನೆಯದು ನುಗ್ಗಿದರೆ ಎಲ್ಲವೂ ನುಗ್ಗುತ್ತವೆ, ನಿಂತರೆ ಬೆಟ್ಟವನ್ನೇ ದೂಡಿದಂತೆ. ಬೀರಪ್ಪ ಬೈದ, ಗದರಿದ, ಕೋಲು ಬೀಸಿದ. ಕತ್ತಲು ಪೂರ್ತಿ ಕವಿದು ದೀಪ ಒಂದೇ ಸಮನೆ ಉರಿಯತೊಡಗಿದ ಮೇಲೆಯೇ ಅವು ಒಳಗೆ ಹೋದದ್ದು. ಅಷ್ಟು ಹೊತ್ತಿಗೆ ಅಜ್ಜಿಯ ಊಟದ ಹೊತ್ತು ಕಳೆದುಹೋಗಿತ್ತು. ಮುದ್ದೆ ಗಂಗಾಳದಲ್ಲಿ ಆರಿ ಕೂತಿತ್ತು.

"ಇವತ್ತೊಂದಿನ ಉಣ್ರಿ ಅತ್ತೆ," ಎಂದಳು ಮಾಳಮ್ಮ.

"ನಾಳೆ ಉಂಡ್ರಾತು ಬಿಡು," ಎಂದು ಅಜ್ಜಿ ನೀರು ಕುಡಿದು ಮಲಗಿದರು.

ನಾಳೆಯೂ ಹಾಗೆಯೇ ಆಯಿತು. ಗುರುಸಿದ್ದಪ್ಪ ತಿರುಪು ತಿರುಗಿಸಿ ಕಲ್ಲಿನ ತೂಕ ಹೆಚ್ಚು ಕಡಿಮೆ ಮಾಡಿದ. ಹುಚ್ಚು ಹಿಡಿಯುವ ಹೊತ್ತು ಅತ್ತಿತ್ತ ಸರಿಯಿತೇ ಹೊರತು ಹುಚ್ಚು ಬಿಡಲಿಲ್ಲ. ಕಣ್ಣಿನ ಸುತ್ತ ಬಿದಿರಿನ ಕೊಳವೆ ಕಟ್ಟಿದ. ಮಿಟುಕು ಸ್ವಲ್ಪ ನಿಧಾನವಾಯಿತು, ಅಷ್ಟೆ. ಮೂರನೆಯ ದಿನ ಅಜ್ಜಿ ನೂಲುವ ಕದಿರನ್ನು ಕೈಯಲ್ಲಿ ಹಿಡಿದುಕೊಂಡೇ ಎದ್ದು ನಿಂತು, ಗೋಡೆ ಹಿಡಿದು, ಮತ್ತೆ ಕೂತರು. ಮುಖ ಬಿಳಿಚಿಕೊಂಡಿತ್ತು. ಮಾಳಮ್ಮ ನಮ್ಮ ಕೋಣೆಗೇ ಬಂದಳು.

"ಮೇಷ್ಟ್ರೇ, ಅದನ್ನ ಕಿತ್ತಾಕ್ರಿ. ಮುದುಕಿ ಸತ್ತೋಗ್ತೈತೆ."

ಕೀಳಲು ಹೋದ ಗುರುಸಿದ್ದಪ್ಪನನ್ನು ಅಜ್ಜಿಯೇ ತಡೆದರು. ಪೂಜೆ ಮಾಡಿದ ಕಂಬವನ್ನು ಬರಿದು ಮಾಡಬಾರದು ಎಂದರು. ಹಾಗಾದರೆ ನೀವು ಉಣ್ಣುವವರೆಗೆ ಸ್ವಿಚ್ಚು ಆರಿಸಿಡುತ್ತೇವೆ ಎಂದೆ ನಾನು. ಜಾಣತನದ ಮಾತು ಆಡಿದೆನೆಂದು ನನಗೇ ಹೆಮ್ಮೆಯಾಯಿತು.

ಅಜ್ಜಿ ನನ್ನನ್ನು ನೋಡಿದ ನೋಟ ನೆನೆದರೆ ಇವತ್ತಿಗೂ ಕುಗ್ಗುತ್ತೇನೆ. "ನನ್ನ ಹೊಟ್ಟೆ ಸಲುವಾಗಿ ದೀಪ ಕಟ್ಟಿಹಾಕ್ತೀಯೇನಪ್ಪ? ಅಂಗೆ ಹೊತ್ತು ಮುಳುಗೋದನ್ನೂ ನಿಲ್ಸಿಬಿಡು. ನಾನು ಮಧ್ಯಾಹ್ನನೂ ಉಣ್ತೀನಿ, ರಾತ್ರಿನೂ ಉಣ್ತೀನಿ."

ಅಲ್ಲಿಗೆ ಉಳಿದದ್ದು ಒಂದೇ ದಾರಿ. ದೀಪ ತಾನಾಗಿ ನೆಟ್ಟಗಾಗಬೇಕು, ಅದೂ ಅಜ್ಜಿಯ ಜೀವ ಸೋಲುವುದರೊಳಗೆ.

ಆ ರಾತ್ರಿ ಗುರುಸಿದ್ದಪ್ಪ ಉಣ್ಣಲಿಲ್ಲ. ನಾನು ಉಂಡೆ; ಆದರೆ ಮುಜುಗರದಿಂದ ಉಂಡೆ. ನಾಲ್ಕನೆಯ ದಿನ ಅವನು ಕಾಲೇಜಿನಿಂದ ಬೇಗ ಬಂದ. ಮುಸ್ಸಂಜೆ ಇಳಿಯುತ್ತಿದ್ದಂತೆ ಕಣ್ಣಿಗೆ ಎಷ್ಟು ಬೆಳಕು ಬೀಳುತ್ತಿದೆ ಎಂದು ತೋರಿಸುವ ಮೀಟರನ್ನು ನನ್ನ ಕೈಗೆ ಕೊಟ್ಟು, "ಮುಳ್ಳು ಎಲ್ಲೈತೆ ಹೇಳ್ತಾ ಹೋಗು," ಎಂದ. ತಾನು ಕಂಬದ ಬಲ್ಬನ್ನು ಕೈಯಿಂದ ಹಚ್ಚುತ್ತ ಆರಿಸುತ್ತ ನಿಂತ.

"ಸುಮಾರು ಇಲ್ಲಿದೆ," ಎಂದೆ.

"ಸುಮಾರು ಅಂದ್ರೆ? ಲೇ, ಇದೇನು ನಿನ್ನ ಪಾಳೇಗಾರರ ಕಾಲವಾ? ಸರಿಯಾಗಿ ಹೇಳು."

ಸರಿಯಾಗಿ ನೋಡಿದೆ. ಬಲ್ಬು ಹತ್ತಿದಾಗಲೆಲ್ಲ ಮುಳ್ಳು ಒಂದು ಗೆರೆಯಷ್ಟು ಮೇಲೆ ಹಾರುತ್ತಿತ್ತು, ಆರಿದಾಗ ಇಳಿಯುತ್ತಿತ್ತು. ಆಕಾಶ ಇದ್ದ ಹಾಗೆಯೇ ಇತ್ತು. ಗುರುಸಿದ್ದಪ್ಪ ತಿರುಗಿ ಗೋಡೆಯನ್ನು ನೋಡಿದ. ಸುಣ್ಣದ ಗೋಡೆ ಬಲ್ಬಿನ ಬೆಳಕಿನಲ್ಲಿ ಹೊಳೆಯುತ್ತಿತ್ತು. ಆ ಹೊಳಪು ಸೂರಿನ ಕೆಳಗಿನಿಂದ ಸುತ್ತಿಕೊಂಡು ಬಂದು ಕಣ್ಣಿಗೆ ತಗಲುತ್ತಿತ್ತು. ದೀಪ ಹತ್ತಿದ ಕೂಡಲೆ ಕಣ್ಣು ಅದನ್ನೇ ಹಗಲೆಂದು ತಿಳಿಯುತ್ತದೆ, ಆರಿಸುತ್ತದೆ; ಆರಿಸಿದ ಕೂಡಲೆ ಕತ್ತಲೆಂದು ತಿಳಿಯುತ್ತದೆ, ಹಚ್ಚುತ್ತದೆ. ತನ್ನ ಬೆಳಕಿಗೆ ತಾನೇ ಮೋಸಹೋಗುತ್ತಿದ್ದ ದೀಪ! ಅದರ ಮರ್ಯಾದೆಗೆಂದು ಹೊಡೆದ ಸುಣ್ಣ ಅದರ ಬುದ್ಧಿ ಕೆಡಿಸಿತ್ತು. ದೊಡ್ಡ ಮನುಷ್ಯರಿಗೆ ಸನ್ಮಾನ ಮಾಡಿದ ಮೇಲೆ ಹೀಗಾಗುವುದನ್ನು ನಾನು ಬೇರೆ ಕಡೆಯೂ ಕಂಡಿದ್ದೇನೆ.

"ಗೋಡೆಗೆ ಸಗಣಿ ಸಾರಿಸಿ ಬಿಡ್ಲಾ?" ಎಂದಳು ಮಾಳಮ್ಮ.

"ಬ್ಯಾಡ," ಎಂದ ಗುರುಸಿದ್ದಪ್ಪ. "ನಾಳೆ ಒಂದು ಬಿಳಿ ಕುರಿ ಬಂದು ಇಲ್ಲಿ ನಿಂತ್ರೂ ಇದೇ ಕಥೆ. ತಪ್ಪು ಗೋಡೇದಲ್ಲ ತಾಯಿ. ಇದಕ್ಕೆ ನೆನಪು ಅನ್ನೋದೇ ಇಲ್ಲ. ಕ್ಷಣದ ಹಿಂದೆ ತಾನೇ ಏನು ಹೇಳ್ದೆ ಅನ್ನೋದು ಇದಕ್ಕೆ ಗೊತ್ತಿಲ್ಲ."

ನಾನು ಆ ಮಾತಿಗೆ ಬೆಚ್ಚಿದೆ. ಏಕೆಂದರೆ ಅದು ನನ್ನ ವಿಷಯವೂ ಹೌದು. ಆ ವರ್ಷವೇ ಹೊಸದುರ್ಗದಲ್ಲಿ ಒಂದು ಹೆಣ್ಣು ನೋಡಿ ಬಂದಿದ್ದೆ. ಬೆಳಿಗ್ಗೆ ಒಪ್ಪಿಗೆ ಎನ್ನುತ್ತಿದ್ದೆ. ಹಾಗೆಂದ ಕೂಡಲೆ ಆ ಒಪ್ಪಿಗೆಯ ಬೆಳಕಿನಲ್ಲಿ ಎಲ್ಲ ಬೇರೆಯಾಗಿ ಕಂಡು ಸಂಜೆಗೆ ಬೇಡ ಎನ್ನುತ್ತಿದ್ದೆ. ಬೇಡ ಎಂದ ಮೇಲೆ ಮತ್ತೆ ಬೇಕೆನ್ನಿಸುತ್ತಿತ್ತು. ನನ್ನನ್ನು ದುರಸ್ತಿ ಮಾಡುವ ತಾಳ್ಮೆ ಹೆಣ್ಣಿನ ಕಡೆಯವರಿಗೆ ಇರಲಿಲ್ಲ. ಬೇರೆ ವರನನ್ನು ನೋಡಿಕೊಂಡರು. ಕೋಟೆಯ ಬಾಗಿಲು ಕಾಯುವವನು ಹೀಗಿದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ದೂಳು ಎದ್ದರೆ ಬಾಗಿಲು ಹಾಕಿ, ದೂಳು ಅಡಗಿದರೆ ತೆಗೆದು, ಇಡೀ ದಿನ ತೆಗೆದು ಹಾಕಿ ಮಾಡಿದ್ದರೆ ಶತ್ರು ಬೇಕಾಗಿಯೇ ಇರಲಿಲ್ಲ, ಬಾಗಿಲೇ ಸವೆದು ಬೀಳುತ್ತಿತ್ತು. ಕಾವಲುಗಾರನಿಗೆ ಎರಡು ಗುರುತು ಬೇಕು. ಹಾಕುವುದಕ್ಕೆ ಒಂದು, ತೆಗೆಯುವುದಕ್ಕೆ ಅದಕ್ಕಿಂತ ಬಲವಾದ ಇನ್ನೊಂದು. ಎರಡರ ನಡುವೆ ಏನೇ ಕಂಡರೂ ಬಾಗಿಲು ಇದ್ದ ಹಾಗೆಯೇ ಇರಬೇಕು.

ಇದಕ್ಕೆ ಹಿಸ್ಟೆರಿಸಿಸ್ ಎಂದು ಹೆಸರಂತೆ. ಗುರುಸಿದ್ದಪ್ಪ ಮತ್ತೆ ತಕ್ಕಡಿಗೆ ಬಂದ. ತಕ್ಕಡಿಯ ದಂಡಿಗೆ ಪೊಳ್ಳು ಬಿದಿರು ಹಾಕಿದ್ದೇವೆ, ಅದರೊಳಗೆ ಒಂದು ಸೀಸದ ಗುಂಡು ಬಿಟ್ಟಿದ್ದೇವೆ ಎಂದುಕೋ. ದಂಡಿ ಯಾವ ಕಡೆಗೆ ಬಿದ್ದರೂ ಗುಂಡು ಅದೇ ಕಡೆಗೆ ಉರುಳಿ ಕೂರುತ್ತದೆ, ಬಿದ್ದವನ ಪರ ಸೇರುತ್ತದೆ. ಈಗ ಅದನ್ನು ಆಚೆಗೆ ಬೀಳಿಸಬೇಕಾದರೆ ಸಮ ಮಾಡಿದರೆ ಸಾಲದು. ಗುಂಡಿನ ಭಾರವನ್ನೂ ಮೀರಿಸಬೇಕು. ಮೀರಿಸಿದ ಕ್ಷಣ ಗುಂಡು ಇತ್ತ ಉರುಳಿ ಹೊಸ ತೀರ್ಪಿನ ಪರ ನಿಲ್ಲುತ್ತದೆ. ಕೂದಲೆಳೆಗೆ ಅಲುಗಾಡುವ ತಕ್ಕಡಿ ಹೀಗೆ ಒಮ್ಮೆ ಮನಸ್ಸು ಮಾಡಿದರೆ ಸುಮ್ಮನೆ ಬದಲಾಯಿಸದ ತಕ್ಕಡಿಯಾಗುತ್ತದೆ.

"ಆ ಗುಂಡು ಎಲ್ಲಿ ಸಿಗುತ್ತದೆ?" ಎಂದೆ.

ಅವನು ಅಂಗೈ ತೋರಿಸಿದ. ಜೋಳದ ಕಾಳಿಗಿಂತ ಸ್ವಲ್ಪ ಉದ್ದದ ಒಂದು ರೆಸಿಸ್ಟರ್. ಮೈಮೇಲೆ ಕಂದು, ಕಪ್ಪು, ಹಳದಿ ಪಟ್ಟೆ. ಅದರ ಒಂದು ಕಾಲನ್ನು ಐ.ಸಿ. ತೀರ್ಪು ಕೊಡುವ ತುದಿಗೆ, ಇನ್ನೊಂದು ಕಾಲನ್ನು ನಾವು ಕಲ್ಲು ಇಟ್ಟ ತುದಿಗೆ ಬೆಸೆಯಬೇಕು. ಅಷ್ಟೇ. ಕೊಟ್ಟ ಉತ್ತರದ ಒಂದು ಚಿಟಿಕೆ ಪ್ರಶ್ನೆಗೆ ವಾಪಸು ಬರುತ್ತದೆ. ಕಷ್ಟವಿದ್ದದ್ದು ಅದರ ಅಳತೆಯಲ್ಲಿ. ದೀಪ ಹತ್ತುವ, ಆರುವ ಎರಡು ಗುರುತುಗಳ ನಡುವಿನ ಅಂತರ ಗೋಡೆಯ ಹೊಳಪಿಗಿಂತ ಕಡಿಮೆಯಾದರೆ ಹುಚ್ಚು ಬಿಡುವುದಿಲ್ಲ. ತೀರಾ ಹೆಚ್ಚಾದರೆ ದೀಪ ಹತ್ತುವ ಹೊತ್ತಿಗೆ ಕಗ್ಗತ್ತಲಾಗಿ ಚಿರತೆ ಬೇಲಿಯ ಹತ್ತಿರ ಬಂದಿರುತ್ತದೆ. ಮೀಟರಿನ ಮುಳ್ಳು ಹಾರಿದ್ದನ್ನು ನಾನು ಹೇಳಿದ್ದೆನಲ್ಲ, ಅದನ್ನೇ ನಂಬಿ ಲೆಕ್ಕ ಮಾಡಿದ. ಅಜ್ಜಿಯ ಊಟ ನನ್ನ ಕಣ್ಣಿನ ಮೇಲೆ ನಿಂತಿತು. ಆ ಸಂಜೆಯೂ ಅವರು ಉಪವಾಸವೇ ಮಲಗಿದರು. ಮರುದಿನ ಹಗಲು ಗುರುಸಿದ್ದಪ್ಪ ಬೆಸುಗೆ ಹಾಕಿ ಮುಗಿಸಿದ.

ಇನ್ನು ನಾನು ಬೇವಿನ ಬುಡದಲ್ಲಿ ನಿಂತ ಸಂಜೆ. ಗುರುಸಿದ್ದಪ್ಪ ಡಬ್ಬಿಯ ಕೆಳಗೆ ಕಿವಿಗೊಟ್ಟು ನಿಂತಿದ್ದ. ಅಜ್ಜಿ ಎದ್ದು ಓಡಾಡುವುದನ್ನು ಬಿಟ್ಟಿದ್ದರು. ಹಿಂಬಾಗಿಲಿನ ಒಳಗಡೆ ಗೋಡೆಗೆ ಒರಗಿ ಕೂತಿದ್ದರು, ಪಕ್ಕದಲ್ಲಿ ಮಾಳಮ್ಮ ಇದ್ದಳು. ಗಂಟೆಯ ಸದ್ದು ಬಂತು. ದಿನವೂ ಹುಚ್ಚು ಶುರುವಾಗುತ್ತಿದ್ದ ಬೆಳಕು ಬಂತು. ಟಗರು ಬಾಗಿಲಿಗೆ ಬಂದು, ಹಿಂದಿನ ಸಂಜೆಗಳು ನೆನಪಾಗಿ, ನಿಂತು, ತಲೆಯೆತ್ತಿ ಕಂಬ ನೋಡಿತು. ನಾನೂ ಕಂಬ ನೋಡಿದೆ. ದೀಪ ಸುಮ್ಮನಿತ್ತು. ಟಗರು ಒಳಗೆ ಕಾಲಿಟ್ಟಿತು. ಅದರ ಹಿಂದೆ ಎಲ್ಲವೂ ಒಂದೇ ಹೊಳೆಯಂತೆ ನುಗ್ಗಿದವು.

ಅಜ್ಜಿ ಗಂಗಾಳವನ್ನು ಹತ್ತಿರ ಎಳೆದುಕೊಂಡರು.

ಅಂಗೈಯ ಗೆರೆಗಳು ಮಾಯವಾದವು. ಬೇಲಿಯ ಮುಳ್ಳು ಬೇರೆ ಬೇರೆ ಕಾಣುವುದು ನಿಂತಿತು. ದೀಪ ಇನ್ನೂ ಹತ್ತಿರಲಿಲ್ಲ. ಈಗ ನನಗೆ ಬೇರೆ ಭಯ. ನಾನು ಮುಳ್ಳನ್ನು ತಪ್ಪಾಗಿ ಓದಿದ್ದರೆ? ಬೆಟ್ಟದ ಕಡೆ ಕಿವಿಯಿಟ್ಟೆ. ಒಳಗೆ ಅಜ್ಜಿ ಆತುರವಿಲ್ಲದೆ ಉಣ್ಣುತ್ತಿದ್ದರು. ಕೊನೆಗೆ ಅವರು ಕೈ ತೊಳೆದ ಚೆಂಬಿನ ನೀರಿನ ಸದ್ದು ಕೇಳಿತು. ಅದಾಗಿ ನಾನು ಒಂದು ಉಸಿರು ಬಿಟ್ಟಿರಬೇಕು. ಡಬ್ಬಿಯಲ್ಲಿ ಟಕ್ ಎಂದಿತು, ಒಂದೇ ಒಂದು ಸಲ, ಮತ್ತು ದೀಪ ಹತ್ತಿತು. ಸುಣ್ಣದ ಗೋಡೆ ತನ್ನ ಹೊಳಪನ್ನೆಲ್ಲ ಕಣ್ಣಿಗೆ ಎರಚಿತು. ದೀಪ ಕದಲಲಿಲ್ಲ. ಗುರುಸಿದ್ದಪ್ಪ ಡಬ್ಬಿಯ ಕೆಳಗೆ ಕೂತುಬಿಟ್ಟ.

ನನ್ನನ್ನು ನಿಜವಾಗಿ ಅಲುಗಾಡಿಸಿದ್ದು ಮರುದಿನದ ಮುಂಜಾವು. ನೋಡಲೇಬೇಕೆಂದು ಎದ್ದು ಹೋಗಿ ಅದೇ ಜಾಗದಲ್ಲಿ ನಿಂತೆ. ಬೆಳಕು ಬರುತ್ತ ಬರುತ್ತ ಅಂಗೈಯ ಗೆರೆಗಳು ಕಂಡವು. ಹಿಂದಿನ ಸಂಜೆ ಗೆರೆಗಳು ಕಾಣುತ್ತಿದ್ದಾಗ ದೀಪ ಆರಿತ್ತು. ಈಗ ಗೆರೆಗಳು ಕಾಣುತ್ತಿವೆ, ದೀಪ ಉರಿಯುತ್ತಿದೆ. ಅದೇ ಆಕಾಶ, ಅದೇ ಬೆಳಕು, ಎರಡು ಉತ್ತರ. ಎರಡೂ ಸರಿ. ಈಗ ಎಷ್ಟು ಬೆಳಕಿದೆ ಎಂದು ಗೊತ್ತಿದ್ದರೆ ಸಾಲದು, ಕತ್ತಲಿನಿಂದ ಬಂದೆವೋ ಹಗಲಿನಿಂದ ಬಂದೆವೋ ಎಂದೂ ಗೊತ್ತಿರಬೇಕು. ಇವತ್ತನ್ನು ತಿಳಿಯಲು ಇವತ್ತು ಸಾಲದು ಎಂದು ಮಕ್ಕಳಿಗೆ ಗಂಟಲು ಹರಿಯುವಂತೆ ಹೇಳುತ್ತಿದ್ದೆ. ಅವರು ಕಿಟಕಿಯಾಚೆ ನೋಡುತ್ತಿದ್ದರು. ನಾನು ಹೇಳಿದ್ದನ್ನು ಒಂದು ಸೋಪಿನ ಡಬ್ಬಿ ನಂಬಿತ್ತು.

ಅಂದು ಮಾಳಮ್ಮ ಕಲ್ಲಿನ ಮೇಲೆ ಖಾರ ಅರೆಯುತ್ತಿದ್ದಾಗ ಹೋಗಿ, ದೀಪ ಅಜ್ಜಿ ಕೈ ತೊಳೆಯುವವರೆಗೆ ಕಾಯಿತು ಎಂದು ಬೆರಗಿನಿಂದ ಹೇಳಿದೆ. ಅವಳು ನಕ್ಕಳು.

"ದೀಪ ಏನ್ ಕಾಯ್ತೈತೆ ಮೇಷ್ಟ್ರೇ? ಲಾಂದ್ರ ಇದ್ದಾಗ ನಾನು ಕಾಯ್ತಿದ್ದೆ. ಚೆಂಬಿನ ಸದ್ದು ಕೇಳೋಗಂಟ ಕಡ್ಡಿ ಗೀರ್ತಿರ್ಲಿಲ್ಲ." ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಅತ್ತೆಗೆ ಹೇಳ್ಬ್ಯಾಡ್ರಿ. ಹರಕೆ ಕೆಡ್ತು ಅಂತ ಕುಂತ್ಕಂಡ್ ಬಿಡ್ತೈತೆ."

ನಾವು ಯಾರೂ ಹೇಳಲಿಲ್ಲ. ಕೆಂಚಜ್ಜಿ ಆಮೇಲೆ ಬಹಳ ವರ್ಷ ಬದುಕಿ, ವಯಸ್ಸಾಗಿ ಹೋದರು.

ಆ ಸಂಜೆ ದೀಪ ಒಂದೇ ಸಲ ಹತ್ತಿದ್ದಕ್ಕೆ ಸಾಕ್ಷಿ ಯಾರು ಎಂದು ನೀವು ಕೇಳಬೇಕು. ಬೀರಪ್ಪನನ್ನು ಸೇರಿಸುವಂತಿಲ್ಲ, ಅವನು ಬೆನ್ನು ತಿರುಗಿಸಿ ರೊಪ್ಪದ ಬಾಗಿಲು ಕಟ್ಟುತ್ತಿದ್ದ, ಈಗ ಅವನಿಲ್ಲ. ಗುರುಸಿದ್ದಪ್ಪ ಹೊಳಲ್ಕೆರೆಯಲ್ಲಿದ್ದಾನೆ, ನಿವೃತ್ತನಾಗಿದ್ದಾನೆ, ಕೇಳಿದರೆ ತಕ್ಕಡಿಯಿಂದ ಶುರುಮಾಡುತ್ತಾನೆ. ನಾನಿದ್ದೇನೆ. ಇನ್ನು ಮಾಳಮ್ಮ. ಅವರೂ ಇದ್ದಾರೆ, ಅದೇ ಮನೆಯಲ್ಲಿ, ಗಟ್ಟಿಯಾಗಿದ್ದಾರೆ. ಹೋದ ತಿಂಗಳು ಹೋಗಿದ್ದಾಗ, ಅವತ್ತು ದೀಪ ಹತ್ತಿದ್ದನ್ನು ನೀವೂ ಕಂಡಿರಲ್ಲ ಎಂದೆ.

"ನಾನೆಲ್ಲಿ ದೀಪ ನೋಡ್ದೆ ಮೇಷ್ಟ್ರೇ?" ಎಂದರು. "ನಾನು ಗಂಗಾಳ ನೋಡ್ತಾ ಇದ್ದೆ. ನಮ್ಮತ್ತೆ ಅವತ್ತು ಎರಡನೇ ಮುದ್ದೆ ಇಸ್ಕಂಡ್ರು."